‘ನೀನು’ ಅಂದರೆ ಯಾರು? ಚರ್ಚ್ ಹಾಲ್‌ನಲ್ಲಿ ಏಳು ಪಾಪ್ ಹಾಡು: ಒಂದು ಪ್ರಕರಣ

ನಾನು ಕೀಬೋರ್ಡ್ ನುಡಿಸಿದ, ಹಾಡುಗಳನ್ನು ಹೊಸದಾಗಿ ಕೂರಿಸಿಕೊಟ್ಟ ಒಂದು ಸಂಜೆಯ ಪ್ರಕರಣ ಇದು. ಹಾಡಿದವನ ಹೆಸರು, ಊರು, ಚರ್ಚು, ಯಾವ ಹಾಡು, ಯಾವ ಭಾಷೆ, ಎಲ್ಲವನ್ನೂ ತೆಗೆದಿದ್ದೇನೆ. ವಯಸ್ಸು, ಲೆಕ್ಕಗಳನ್ನು ಸ್ವಲ್ಪ ಆಚೀಚೆ ಮಾಡಿದ್ದೇನೆ. ಬರೆದು ಮುಗಿಸಿದ ಮೇಲೆ ಅವನಿಗೇ ಓದಲು ಕೊಟ್ಟೆ. ಎರಡು ಕಡೆ ಗೀಟು ಎಳೆದು ಹೊಡೆದುಹಾಕಿದ. ಉಳಿದದ್ದಕ್ಕೆ ಸರಿ ಅಂದ. ಇಲ್ಲಿ ಅವನನ್ನು ಸುಮ್ನೆ ‘ಗಾಯಕ’ ಅನ್ನುತ್ತೇನೆ.

ಹಿನ್ನೆಲೆ

ಗಾಯಕನಿಗೆ ಆಗ 26 ವರ್ಷ. 9ನೇ ವಯಸ್ಸಿನಿಂದ ಚರ್ಚಿನ ಗಾನವೃಂದದಲ್ಲಿದ್ದ. ಭಾನುವಾರದ ಪೂಜೆಯಲ್ಲಿ ಕೀರ್ತನೆ (ಬೈಬಲ್‌ನಲ್ಲಿರುವ ಪ್ರಾರ್ಥನಾ ಗೀತೆ) ಹಾಡುವ ಸರದಿ ತಿಂಗಳಿಗೆ ಎರಡು ಸಲ ಅವನದು. ತಾನು ಗೇ ಅಂತ 15ರ ಹೊತ್ತಿಗೇ ಅವನಿಗೆ ಗೊತ್ತಾಗಿತ್ತು. ಮೂವರು ಸ್ನೇಹಿತರಿಗೆ ಹೇಳಿದ್ದ, ಆಮೇಲೆ ನನಗೆ. ಅಮ್ಮನಿಗೆ ಹೇಳಿರಲಿಲ್ಲ, ಅಮ್ಮ ಕೇಳಿರಲೂ ಇಲ್ಲ. ನೆಂಟರು ಮದುವೆಯ ಮಾತು ತೆಗೆದಾಗ ಅದನ್ನು ಬೇರೆ ಕಡೆ ತಿರುಗಿಸುತ್ತಿದ್ದವರು ಅಮ್ಮನೇ. ಹಾಗಾಗಿ ಅವರಿಗೆ ಗೊತ್ತಿರಬೇಕು ಅಂತ ಅವನ ಲೆಕ್ಕ.

ಚರ್ಚ್ ಬಿಡುವ ಯೋಚನೆ ಅವನಿಗೆ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಕಥೆ ಕೇಳುವವರು ಎರಡೇ ದಾರಿ ಊಹಿಸುತ್ತಾರೆ: ಬಾಯಿ ಮುಚ್ಚಿಕೊಂಡು ಒಳಗಿರುವುದು, ಇಲ್ಲವೇ ಬಾಗಿಲು ದಡಾರನೆ ಬಡಿದು ಹೊರಡುವುದು. ಅವನಿಗೆ ಎರಡೂ ಬೇಡವಾಗಿತ್ತು. ಮೊದಲ ದಿನ ನನ್ನ ಹತ್ತಿರ ಬಂದು ಹೇಳಿದ್ದು ಇಷ್ಟು: ‘ಹಾಡೋಕೆ ಕಲಿತದ್ದು ಚರ್ಚಲ್ಲಿ, ಅಳೋಕೆ ಕಲಿತದ್ದು ಪಾಪ್ ಹಾಡು ಕೇಳ್ತಾ. ಒಂದು ಸಂಜೆ ಎರಡನ್ನೂ ಒಟ್ಟಿಗೆ ಹಾಡಬೇಕು.’

1992ರಲ್ಲಿ ಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲಿ ಈ ವಿಷಯಕ್ಕೆ ಮೂರು ಪ್ಯಾರಾ ಇವೆ, 2357ರಿಂದ 2359. ಮೂರೂ ಅವನಿಗೆ ಬಾಯಿಪಾಠ. ಸಲಿಂಗ ಕ್ರಿಯೆಗಳು ಮೂಲದಲ್ಲೇ ಕ್ರಮ ತಪ್ಪಿದವು ಅನ್ನುತ್ತದೆ ಮೊದಲನೆಯದು. ಇಂಥವರನ್ನು ಗೌರವ, ಕನಿಕರ, ಸೂಕ್ಷ್ಮತೆಯಿಂದ ಬರಮಾಡಿಕೊಳ್ಳಬೇಕು, ಅನ್ಯಾಯದ ತಾರತಮ್ಯದ ಸುಳಿವೂ ಇರಕೂಡದು ಅನ್ನುತ್ತದೆ ಎರಡನೆಯದು. ಮೂರನೆಯದು ಪರಿಶುದ್ಧ ಬಾಳಿಗೆ ಕರೆಯುತ್ತದೆ. ‘ಬಾ ಒಳಗೆ ಅಂತಾರೆ, ಕುರ್ಚಿ ಮಾತ್ರ ಹಾಕಲ್ಲ’ ಅಂತ ಅವನು ನಗುತ್ತಿದ್ದ.

ನಾವು ಕೆಲಸ ಶುರುಮಾಡಿದ ಹೊತ್ತೂ ವಿಚಿತ್ರವಾಗಿತ್ತು. ಸಲಿಂಗ ಜೋಡಿಗಳನ್ನು ಆಶೀರ್ವದಿಸಲು ಆಗುವುದಿಲ್ಲ ಅಂತ ವ್ಯಾಟಿಕನ್ 2021ರ ಮಾರ್ಚ್‌ನಲ್ಲಿ ಹೇಳಿತ್ತು. 2023ರ ಡಿಸೆಂಬರ್‌ನಲ್ಲಿ, ಪೂಜಾವಿಧಿಯ ರೂಪ ಕೊಡದೆ, ಮದುವೆಯಂತೆ ಕಾಣದ ಹಾಗೆ ಗುರುಗಳು ಆಶೀರ್ವದಿಸಬಹುದು ಅಂತ ಇನ್ನೊಂದು ಪತ್ರ ಬಂತು. ಮದುವೆಯ ಬಗೆಗಿನ ಬೋಧನೆ ಬದಲಾಗಿಲ್ಲ ಅಂತ ಅದೇ ಪತ್ರದಲ್ಲಿತ್ತು. ಚರ್ಚಿನ ಅಂಗಳದಲ್ಲಿ ಕೆಲವರು ‘ಎಲ್ಲ ಸರಿಹೋಯಿತು’ ಅಂದರು, ಕೆಲವರು ‘ಎಲ್ಲ ಕೆಟ್ಟುಹೋಯಿತು’ ಅಂದರು. ಪತ್ರ ಓದಿದವರು ಎರಡೂ ಕಡೆ ಕಡಿಮೆ. ನಮ್ಮ ಪೋಸ್ಟರ್ ಅಂಟಿದ್ದು ಈ ಗದ್ದಲದ ನಡುವೆ.

ಮೊದಲು ಅವನು ಕೇಳಿದ್ದು ಚರ್ಚನ್ನೇ. ಫಾದರ್ ಸಿಟ್ಟಾಗಲಿಲ್ಲ, ಕಪಾಟಿನಿಂದ ಪುಸ್ತಕ ತೆಗೆದರು. ಪವಿತ್ರ ಸ್ಥಳದಲ್ಲಿ ಆರಾಧನೆ, ಭಕ್ತಿಗೆ ನೆರವಾಗುವುದನ್ನು ಮಾತ್ರ ಬಿಡಬೇಕು, ಬೇರೆ ಬಳಕೆಗೆ ಧರ್ಮಾಧ್ಯಕ್ಷರ (ಬಿಷಪ್) ಮಟ್ಟದ ಅನುಮತಿ ಬೇಕು ಅನ್ನುತ್ತದೆ ಧರ್ಮಸಭೆಯ ಕಾನೂನಿನ 1210ನೇ ನಿಯಮ. ಚರ್ಚ್‌ಗಳಲ್ಲಿ ಸಂಗೀತ ಕಚೇರಿ ನಡೆಸುವ ಬಗ್ಗೆಯೇ 1987ರಲ್ಲಿ ರೋಮ್‌ನಿಂದ ಒಂದು ಪತ್ರ ಬಂದಿತ್ತು: ಟಿಕೆಟ್ ಇರಬಾರದು, ಹಾಡುವವರು ಬಲಿಪೀಠದ ಆವರಣದಲ್ಲಿ ನಿಲ್ಲಬಾರದು, ಹೀಗೆ. ‘ಅನುಮತಿಗೆ ಬರೆದರೆ ಬೇಡ ಅಂತಾರೆ. ಒಂದು ಸಲ ಬೇಡ ಅಂದರೆ ಹಾಲ್ ಸಹ ಕೈತಪ್ಪುತ್ತೆ. ಕೇಳದೇ ಹಾಲ್ ತಗೋ’ ಅಂದರು. ಅನುಭವಸ್ಥರ ಮಾತು. ನನಗಂತೂ ಖುಷಿಯೇ ಆಯಿತು. ಆ ಚರ್ಚಿನಲ್ಲಿ ಒಂದು ಚಪ್ಪಾಳೆ ತಟ್ಟಿದರೆ ನಾಲ್ಕು ಸೆಕೆಂಡ್ ಗುಂಯ್‌ಗುಡುತ್ತದೆ. ಬೀಟ್ ಇರುವ ಯಾವ ಹಾಡೂ ಅಲ್ಲಿ ಗಂಜಿಯಾಗಿಬಿಡುತ್ತಿತ್ತು.

ಫಾದರ್ ಎರಡು ಷರತ್ತು ಹಾಕಿದರು. ಹಾಡುಗಳ ಸಾಹಿತ್ಯ ಮೊದಲೇ ತೋರಿಸಬೇಕು. ಸಂಸ್ಕಾರಗಳ ಅಣಕ ಇರಬಾರದು. ‘ನೀನು ಗೇನಾ’ ಅಂತ ಅವರು ಕೇಳಲಿಲ್ಲ. ಅದರಲ್ಲಿ ಕರುಣೆ ಸ್ವಲ್ಪ ಇತ್ತು, ಜಾಣತನವೂ ಸ್ವಲ್ಪ ಇತ್ತು.

ತೊಡಕು ಎಲ್ಲಿತ್ತು

ಮೊದಲ ಕರಡನ್ನು ಅವನೇ ತಂದ. ನಾಲ್ಕು ಹಾಡುಗಳ ಮಾತನ್ನು ಪೂರ್ತಿ ಬದಲಿಸಿದ್ದ. ‘ಅವಳು’ ಇದ್ದಲ್ಲೆಲ್ಲ ‘ಅವನು’. ಡಾನ್ಸ್ ಫ್ಲೋರ್ ಇದ್ದಲ್ಲಿ ಪಾಪನಿವೇದನೆಯ ಪೀಠ. ‘ಬೇಬಿ’ ಇದ್ದಲ್ಲಿ ‘ಫಾದರ್’. ಬಲು ಚುರುಕಾಗಿತ್ತು. ರಿಹರ್ಸಲ್‌ಗೆ ಬಂದ ಅವನ ಸ್ನೇಹಿತರು ಬಿದ್ದು ಬಿದ್ದು ನಕ್ಕರು.

ಅವತ್ತಿನದನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ರಾತ್ರಿ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಬೇರೇನೋ ಕೇಳಿಸಿತು. ನಗು ಬಂದ ಪ್ರತಿ ಜಾಗದಲ್ಲೂ ಅವನ ದನಿ ತೆಳುವಾಗುತ್ತಿತ್ತು. ನಗು ಬರಲಿ ಅಂತ ಸಾಲಿನ ಕೊನೆಯನ್ನು ಬೇಗ ಬಿಟ್ಟುಬಿಡುತ್ತಿದ್ದ. 17 ವರ್ಷ ಕೀರ್ತನೆ ಹಾಡಿದವನು ಸಾಲಿನ ಕೊನೆ ಬಿಡುವುದೆಂದರೆ ಹಾಡುತ್ತಿಲ್ಲ, ಭಾಷಣ ಮಾಡುತ್ತಿದ್ದಾನೆ ಅಂತಲೇ.

ಇನ್ನೂ ಎರಡು ತೊಡಕಿದ್ದವು. ಒಂದು ಒಣ ಲೆಕ್ಕದ್ದು: ಇರುವ ಹಾಡನ್ನು ಇದ್ದ ಹಾಗೆ ಸಭೆಯಲ್ಲಿ ಹಾಡಲು ಬಹುತೇಕ ದೇಶಗಳಲ್ಲಿ ಪ್ರದರ್ಶನದ ಲೈಸೆನ್ಸ್ ಸಾಕು, ಸಾಹಿತ್ಯ ಬದಲಿಸಿದರೆ ಹಕ್ಕುದಾರರನ್ನೇ ಕೇಳಬೇಕು. ನಾಲ್ಕು ಹಾಡಿಗೆ ನಾಲ್ಕು ಕಂಪನಿಗಳ ಬೆನ್ನು ಹತ್ತುವ ತಾಕತ್ತು ನಮಗಿರಲಿಲ್ಲ. ಇನ್ನೊಂದು ಫಾದರ್. ಈ ಸಾಹಿತ್ಯ ನೋಡಿದರೆ ಅವರು ಬೇಡ ಅನ್ನುವುದು ಖಂಡಿತ. ಆದರೆ ಈ ಎರಡಕ್ಕೂ ದಾರಿ ಹುಡುಕಬಹುದಿತ್ತು. ತೆಳುವಾದ ಆ ದನಿಗೆ ಏನು ಮಾಡುವುದು?

ನಾನು ಮಾಡಿದ ತಪ್ಪು

ಎರಡನೇ ಪ್ರಯತ್ನ ನನ್ನದು. ಮಾತು ಮುಟ್ಟುವುದು ಬೇಡ, ಪಾಪ್ ಹಾಡಿನ ಜೊತೆ ಒಂದು ಸ್ತೋತ್ರ ಹೆಣೆಯೋಣ ಅಂದೆ. ಒಂದು ಪ್ರೇಮಗೀತೆ, ಅದರ ಮೇಲೆ ಮಾತೆ ಮರಿಯಳ ಹಳೆಯ ಹಾಡು. ಎರಡಕ್ಕೂ ಅದೇ ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಒಗ್ಗುತ್ತವೆ: ಸಿ, ಜಿ, ಎ ಮೈನರ್, ಎಫ್. ಅರ್ಧ ಪಾಪ್ ಜಗತ್ತು ನಿಂತಿರುವುದು ಇವುಗಳ ಮೇಲೇ.

ನನ್ನ ಹತ್ತಿರ ಇತಿಹಾಸವೂ ರೆಡಿ ಇತ್ತು. 15ನೇ ಶತಮಾನದಿಂದ ಶುರುವಾಗಿ, ‘ಶಸ್ತ್ರ ಹಿಡಿದವನು’ ಅನ್ನುವ ಫ್ರೆಂಚ್ ಲೌಕಿಕ ಹಾಡಿನ ಧಾಟಿಯ ಮೇಲೆ 40ಕ್ಕೂ ಜಾಸ್ತಿ ಪೂಜಾ ಸಂಗೀತಗಳನ್ನು ಕಟ್ಟಿದ್ದಾರೆ. ಚರ್ಚ್ ಸಂಗೀತದ ದೊಡ್ಡ ಹೆಸರು ಪಾಲೆಸ್ತ್ರೀನಾ ಸಹ ಕಟ್ಟಿದ. ಜರ್ಮನ್ ಸಂಗೀತಗಾರ ಹಾಸ್ಲರ್ 1601ರಲ್ಲಿ ಅಚ್ಚು ಮಾಡಿಸಿದ ಒಂದು ಪ್ರೇಮಗೀತೆಯ ಧಾಟಿ ಮುಂದೆ ಕ್ರಿಸ್ತನ ಮುಳ್ಳಿನ ಕಿರೀಟದ ಸ್ತೋತ್ರವಾಯಿತು. ಇವತ್ತು ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಅದನ್ನು ಕಣ್ಣು ಮುಚ್ಚಿ ಹಾಡುವವರಿಗೆ ಅದು ಹುಡುಗಿಯೊಬ್ಬಳು ತಲೆ ಕೆಡಿಸಿದ ಕಥೆ ಅಂತ ಗೊತ್ತಿಲ್ಲ. 1562ರಲ್ಲಿ ಕಥೋಲಿಕ ಧರ್ಮಾಧ್ಯಕ್ಷರ ಟ್ರೆಂಟ್ ಮಹಾಸಭೆ ಕಾಮದ, ಅಶುದ್ಧದ ನೆರಳಿರುವ ಸಂಗೀತವನ್ನು ಚರ್ಚಿನಿಂದ ಹೊರಗಿಡಿ ಅಂದಿತ್ತು. 1903ರಲ್ಲಿ ಹತ್ತನೇ ಪಯಸ್ ಪೋಪ್ ಚರ್ಚಿನೊಳಗೆ ಪಿಯಾನೋವನ್ನೇ ನಿಷೇಧಿಸಿದ್ದರು. ಎಷ್ಟೇ ಬಾಗಿಲು ಹಾಕಿದರೂ ಬೀದಿಯ ಹಾಡು ಒಳಗೆ ಬಂದೇ ಬಂತು ಅಂತ ನಾನು ಜೋರಾಗಿ ಪಾಠ ಮಾಡಿದೆ.

ಗಾನವೃಂದದಲ್ಲಿ ಒಬ್ಬ ಹಿರಿಯ ಹೆಂಗಸು ಇದ್ದರು. ಎಲ್ಲರಿಗೂ ಆಂಟಿ. ಗಾಯಕನಿಗೆ ಸ್ವರ ಹಿಡಿಯಲು ಕಲಿಸಿದವರು ಅವರೇ. ಅವನ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ, ಆದರೂ ಸಹಾಯಕ್ಕೆ ಅಂತ ರಿಹರ್ಸಲ್‌ಗೆ ಬಂದಿದ್ದರು. ಎರಡು ಹಾಡೂ ಒಟ್ಟಿಗೆ ಶುರುವಾದ ಕೂಡಲೇ ಕೈಯಲ್ಲಿದ್ದ ಹಾಳೆಯನ್ನು ಮಡಿಚಿದರು. ಇನ್ನೊಂದು ಸಲ ಮಡಿಚಿದರು. ಚಪ್ಪಲಿ ಹಾಕಿಕೊಂಡು ಹೊರಟರು. ಗಾಯಕ ಬಾಗಿಲ ತನಕ ಓಡಿದ.

‘ಆ ಹಾಡು ನನ್ನ ಗಂಡನ ಶವಪೆಟ್ಟಿಗೆ ಮುಂದೆ ಹಾಡಿದ್ದು ಮಗಾ’ ಅಂದರು. ‘ನಿನ್ನ ಸಂಕಟ ಏನೋ ಇದೆ, ನಂಗೆ ಗೊತ್ತಾಗುತ್ತೆ. ಅದನ್ನ ಹೇಳೋಕೆ ನನ್ನ ಹಾಡು ಯಾಕೆ ತಗೋತೀಯ?’

ನನ್ನ ಇತಿಹಾಸ ಪಾಠಕ್ಕೆ ಈ ಪ್ರಶ್ನೆಯ ಮುಂದೆ ಉತ್ತರವಿರಲಿಲ್ಲ. ಹಳೆಯ ಸಂಗೀತಗಾರರು ಬೀದಿಯ ಧಾಟಿಯನ್ನು ಒಳಗೆ ತಂದರು. ನಾನು ಮಾಡಿದ್ದು ಒಬ್ಬರ ಒಳಗಿನ ಹಾಡನ್ನು ಕೇಳದೆ ಎತ್ತಿಕೊಂಡದ್ದು. ಸ್ತೋತ್ರ ಹೆಣೆಯುವುದನ್ನು ಅಲ್ಲಿಗೇ ಕೈಬಿಟ್ಟೆವು. ಒಂದು ವಾರ ಯಾರೂ ಯಾರಿಗೂ ಫೋನ್ ಮಾಡಲಿಲ್ಲ.

ತಿರುವು

ಎಂಟನೇ ದಿನ ಅವನು ಬಂದ. ಕೆಲಸದ ಮಾತಿಲ್ಲ. ಹಳೆಯ ಹಾಡೊಂದನ್ನು ಗುನುಗುತ್ತಾ ಕೂತಿದ್ದ. ಹದಿಹರೆಯದಲ್ಲಿ ಇದನ್ನೇ ಯಾಕೆ ಅಷ್ಟು ಹಾಡುತ್ತಿದ್ದೆ ಅಂತ ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದ: ‘ಇದರಲ್ಲಿ ಅವನು ಅವಳು ಇಲ್ಲ. ಬರೀ ನೀನು. ಆಗ ನಾನು ಹಾಡು ಆರಿಸ್ತಿದ್ದದ್ದೇ ಹಾಗೆ. ನೀನು ಅಂತ ಇದ್ದರೆ ಜೋರಾಗಿ ಹಾಡಬಹುದಿತ್ತು, ಯಾರಿಗೂ ಸಿಕ್ಕಿಬೀಳ್ತಿರಲಿಲ್ಲ.’

ನಾನು ಕೀಬೋರ್ಡ್ ಆಫ್ ಮಾಡಿದೆ. ಇಡೀ ಕಾರ್ಯಕ್ರಮ ಈ ಒಂದು ಮಾತಿನಲ್ಲಿತ್ತು.

ಕನ್ನಡದಲ್ಲೂ ಹಾಗೇ ಅಲ್ವಾ? ‘ಬಂದ’, ‘ಬಂದಳು’ ಅಂದರೆ ಗುಟ್ಟು ಬಯಲು. ‘ನೀನು ಬಂದೆ’ ಅಂದರೆ ಬಂದದ್ದು ಯಾರು ಅಂತ ಕ್ರಿಯಾಪದ ಬಾಯಿ ಬಿಡುವುದಿಲ್ಲ. ಪ್ರಾರ್ಥನೆ ನಡೆಯುವುದೂ ಇದೇ ‘ನೀನು’ವಿನಲ್ಲಿ. ಕೀರ್ತನೆಗಳಲ್ಲಿ ‘ನೀನೆಲ್ಲಿ’, ‘ಯಾಕೆ ಮುಖ ಮರೆಸಿಕೊಂಡೆ’, ‘ಎಷ್ಟು ಕಾಲ’ ಅನ್ನುವ ಸಾಲುಗಳನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟರೆ ಬಿಟ್ಟುಹೋದ ಪ್ರೇಮಿಗೆ ಬರೆದ ಹಾಡು ಅನ್ನಬೇಕು. 16ನೇ ಶತಮಾನದ ಸಂತ, ಶಿಲುಬೆಯ ಯೋಹಾನ, ತನ್ನ ಅತಿ ಹೆಸರಾದ ಪದ್ಯದಲ್ಲಿ ಕತ್ತಲೆಯಲ್ಲಿ ಮನೆ ಬಿಟ್ಟು ಪ್ರಿಯನನ್ನು ಸೇರಲು ಹೋಗುವ ಹೆಣ್ಣಿನ ದನಿಯಲ್ಲಿ ಮಾತಾಡುತ್ತಾನೆ. ಗಂಡಸು ಸಂತ, ಹೆಣ್ಣು ದನಿ, ಗಂಡು ಪ್ರಿಯ. ಶರಣಸತಿ ಲಿಂಗಪತಿ ಅನ್ನುವ ಮಾತು ಕೇಳಿ ಬೆಳೆದ ಕನ್ನಡದ ಕಿವಿಗೆ ಇದು ಹೊಸದೇನಲ್ಲ.

ಹಾಗಾಗಿ ಮಾತು ಬದಲಿಸುವುದು ಬೇಡ, ಹಾಡು ಯಾರಿಗೆ ಅನ್ನುವುದನ್ನು ಮಾತ್ರ ಬದಲಿಸೋಣ ಅಂತ ತೀರ್ಮಾನವಾಯಿತು. ಅವನು ಸ್ವರಲಿಪಿಯ ಹಾಳೆಯ ಹಿಂದೆ ಬರೆದ: ‘ಒಂದಕ್ಷರ ಮುಟ್ಟಬಾರದು. ಪ್ರತಿ ಹಾಡಿಗೂ ಮೊದಲು ನೀನು ಯಾರು ಅಂತ ತೀರ್ಮಾನಿಸಬೇಕು. ಜನರಿಗೆ ಹೇಳಬಾರದು.’ ನಾನು ಕಾರ್ಡ್ ಕೂರಿಸಬೇಕಲ್ಲ, ಅದಕ್ಕೆ ನನಗೆ ಹೇಳಿದ. ಒಂದು ಹಾಡಿನದನ್ನು ಮಾತ್ರ ನನಗೂ ಹೇಳಲಿಲ್ಲ.

ಒಂದು ಹಾಡನ್ನು ಹತ್ತಿರದಿಂದ

ಮೂರನೇ ಹಾಡಿನ ಕೆಲಸ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೂಲದಲ್ಲಿ ಅದು ನಿಮಿಷಕ್ಕೆ 124 ಬೀಟ್ ಓಡುವ ಡಾನ್ಸ್ ಹಾಡು. ಬೆಳಗಿನ ತನಕ ಹೋಗಬೇಡ ಅಂತ ಒಬ್ಬರು ಇನ್ನೊಬ್ಬರನ್ನು ಕೇಳಿಕೊಳ್ಳುವುದು. ಮೊದಲು ಬೀಟ್ ತೆಗೆದೆವು. ಆಮೇಲೆ ಧಾಟಿಯನ್ನೂ ಅರ್ಧ ತೆಗೆದೆವು. ಚರ್ಚಿನಲ್ಲಿ ಕೀರ್ತನೆ ಹಾಡುವ ಹಳೆಯ ರೀತಿ ಹೇಗೆಂದರೆ, ಸಾಲಿನ ಬಹುಪಾಲು ಒಂದೇ ಸ್ವರದ ಮೇಲೆ ಸಾಗುತ್ತದೆ, ನಡುವೆ ಒಂದು ಸಣ್ಣ ಬಾಗು, ಕೊನೆಯಲ್ಲಿ ಇನ್ನೊಂದು. ಪುಸ್ತಕದಲ್ಲಿ ಸಾಲಿನ ನಡುವೆ ಒಂದು ನಕ್ಷತ್ರದ ಗುರುತು ಇರುತ್ತದೆ. ಅಲ್ಲಿ ಎಲ್ಲರೂ ನಿಲ್ಲಬೇಕು. ಉಸಿರು ತೆಗೆದುಕೊಳ್ಳಬೇಕು. ಅವಸರ ಮಾಡಿದರೆ ಆಂಟಿ ಪೆನ್ಸಿಲ್‌ನಿಂದ ಕುರ್ಚಿ ಕುಟ್ಟುತ್ತಿದ್ದರು.

ಡಾನ್ಸ್ ಹಾಡಿನ ಸಾಲುಗಳಿಗೂ ಆ ನಕ್ಷತ್ರ ಹಾಕಿದೆವು. ‘ಹೋಗಬೇಡ’ ಅನ್ನುವ ಅರ್ಥದ ಪದ ಮುಗಿದ ಮೇಲೆ ನಕ್ಷತ್ರ. ಮೌನ. ಆಮೇಲೆ ಉಳಿದರ್ಧ. ಮೂಲದಲ್ಲಿ ಡ್ರಮ್ ಆ ಸಂದಿಯನ್ನು ತುಂಬುತ್ತಿತ್ತು, ಹೋಗುವವನು ಹೋಗುವುದಿಲ್ಲ ಅಂತ ಧೈರ್ಯವಿತ್ತು. ಈಗ ಆ ಸಂದಿಯಲ್ಲಿ ಏನೂ ಇಲ್ಲ. ಹೋಗಿಬಿಟ್ಟನೇನೋ ಅನಿಸುತ್ತಿತ್ತು. ಕೀಬೋರ್ಡ್‌ನಲ್ಲಿ ನಾನು ಎರಡೇ ಸ್ವರ ಒತ್ತಿ ಹಿಡಿದಿದ್ದೆ, ಅಷ್ಟೇ. ನನ್ನ ಇಡೀ ವೃತ್ತಿಯಲ್ಲಿ ಅತಿ ಕಡಿಮೆ ನುಡಿಸಿದ ಹಾಡು ಅದು.

ಆರನೆಯದು ಬಿಟ್ಟುಹೋದವರ ಬಗೆಗಿನ ಹಾಡು. ಅಲ್ಲಿ ಅವನ ‘ನೀನು’ ಚರ್ಚೇ ಆಗಿತ್ತು. ಅದನ್ನು ಎಫ್‌ನಿಂದ ಸಿಗೆ ಇಳಿಸಿ ಮುಗಿಸಿದ್ದೆ. ‘ಆಮೆನ್’ ಹಾಡುವಾಗ ಕೇಳಿಸುವ ಮುಕ್ತಾಯ ಅದು. ಜಾಣತನ ಮಾಡಿದೆ ಅಂದುಕೊಂಡಿದ್ದೆ. ಅವನು ತಲೆಯಾಡಿಸಿದ. ‘ಆಮೆನ್ ಹೇಳೋ ಹಾಗೆ ಇನ್ನೂ ಏನೂ ಆಗಿಲ್ಲ’ ಅಂದ. ಎಫ್‌ನಲ್ಲೇ ಬಿಟ್ಟೆವು.

ಯಾರು ಎಲ್ಲಿ ಕೂರಬೇಕು

ಜೊತೆಗೆ ಹಾಡಲು ಗಾನವೃಂದದ ಆರು ಜನ ಒಪ್ಪಿದ್ದರು. ಅವರಲ್ಲಿ ಇಬ್ಬರು ವೇದಿಕೆ ಹತ್ತಲು ಹೆದರಿದರು. ಒಬ್ಬರು ಧರ್ಮಸಭೆ ನಡೆಸುವ ಶಾಲೆಯಲ್ಲಿ ಟೀಚರ್. ಅಂಥ ಎಷ್ಟೋ ಶಾಲೆಗಳ ಕರಾರಿನಲ್ಲಿ ಧರ್ಮಸಭೆಯ ಬೋಧನೆಗೆ ತಕ್ಕಂತೆ ಬಾಳಬೇಕು ಅನ್ನುವ ಷರತ್ತು ಇರುತ್ತದೆ. ಆಕೆ ಕ್ವಿಯರ್ (ಸಲಿಂಗಿ ಮುಂತಾದ ಅಲ್ಪಸಂಖ್ಯಾತರಲ್ಲಿ ಒಬ್ಬರು) ಹೌದೋ ಅಲ್ಲವೋ ನಾವು ಕೇಳಲಿಲ್ಲ. ಬೆಂಬಲಕ್ಕೆ ನಿಂತವರನ್ನೂ ಅದೇ ಪಟ್ಟಿಗೆ ಸೇರಿಸುವವರು ಇದ್ದೇ ಇರುತ್ತಾರೆ, ಭಯ ಅದರದು.

ವೇದಿಕೆಯೇ ಬೇಡ ಅಂದೆವು. ಆರೂ ಜನ ಸಭೆಯ ನಡುವೆ, ಬೇರೆ ಬೇರೆ ಸಾಲಿನಲ್ಲಿ ಕೂರುವುದು, ಕೂತಲ್ಲಿಂದಲೇ ಹಾಡುವುದು. ಭಯಕ್ಕೆ ಹುಡುಕಿದ ಉಪಾಯ, ಅಷ್ಟೇ. ಅದು ಇಡೀ ಸಂಜೆಯ ಅತಿ ಒಳ್ಳೆಯ ತೀರ್ಮಾನ ಆಗುತ್ತದೆ ಅಂತ ಯಾರಿಗೂ ಅಂದಾಜಿರಲಿಲ್ಲ.

ಒಂದು ಜಗಳವೂ ಆಯಿತು. ಒಂದು ಹಾಡಿಗೆ ಗಾಯಕನಿಗೆ ಪಾಪನಿವೇದನೆಯ ಜಾಲರಿ, ಅಂದರೆ ಪಾಪ ಹೇಳಿಕೊಳ್ಳುವವರಿಗೂ ಕೇಳುವ ಗುರುಗಳಿಗೂ ನಡುವೆ ಇರುವ ಪರದೆ, ಬೇಕಿತ್ತು, ಆಚೆ ಒಂದು ಖಾಲಿ ಕುರ್ಚಿ. ಫಾದರ್ ಆಗಲ್ಲ ಅಂದರು. ಅವನು ಮೂರು ದಿನ ಉರಿದ. ನಾನು ಫಾದರ್ ಕಡೆ ವಾಲಿದೆ, ಕಾರಣ ಮಾತ್ರ ಬೇರೆ. ಅವರಿಗೆ ಸಂಸ್ಕಾರದ ಮರ್ಯಾದೆ. ನನಗೆ, ಜಾಲರಿ ಕಂಡ ಕೂಡಲೇ ‘ನೀನು’ ಯಾರು ಅಂತ ಜನರಿಗೆ ಗೊತ್ತಾಗಿಬಿಡುತ್ತದೆ. ಆಮೇಲೆ ಹಾಡು ಕೇಳುವುದಕ್ಕೆ ಏನು ಉಳಿಯಿತು? ಜಾಲರಿ ಹೋಯಿತು.

ಅಮ್ಮನಿಗೆ ಮೊದಲೇ ಹೇಳು ಅಂತ ನಾನು ಒತ್ತಾಯ ಮಾಡಿದೆ. ನೂರು ಜನರ ನಡುವೆ ಕೂತು ಮಗನ ವಿಷಯ ತಿಳಿಯುವ ಹಾಗೆ ಆಗಬಾರದು, ತಾಯಿಗೆ ಅಳಲೂ ಜಾಗ ಇರುವುದಿಲ್ಲ. ಅವನು ಪೂರ್ತಿ ಒಪ್ಪಲಿಲ್ಲ. ಹಿಂದಿನ ದಿನ ಅಮ್ಮನಿಗೆ, ‘ನಾಳೆ ಹಾಡೋದು ನನ್ನ ಬಗ್ಗೆ. ಕೇಳಿದ ಮೇಲೆ ಏನಾದರೂ ಕೇಳಬೇಕು ಅನಿಸಿದರೆ ಕೇಳು’ ಅಂದನಂತೆ. ಅಮ್ಮ ‘ಎಷ್ಟು ಗಂಟೆಗೆ?’ ಅಂದರಂತೆ.

ಆ ಸಂಜೆ

ಸುಮಾರು 90 ಜನ ಬಂದಿದ್ದರು. ಆಂಟಿ ಬಂದಿದ್ದರು, ಎರಡನೇ ಸಾಲು. ಫಾದರ್ ಕೊನೆಯಲ್ಲಿ ಬಾಗಿಲ ಹತ್ತಿರ ನಿಂತೇ ಇದ್ದರು.

ಮೊದಲ ಎರಡು ಹಾಡಿಗೆ ಚಪ್ಪಾಳೆ ಬಂತು. ಮೂರನೆಯದಕ್ಕೆ ಬರಲಿಲ್ಲ. ನಕ್ಷತ್ರದ ಜಾಗದಲ್ಲಿ ಹಾಲ್‌ಗೆ ಹಾಲೇ ಉಸಿರು ತೆಗೆದುಕೊಂಡದ್ದು ನನಗೆ ಕೇಳಿಸಿತು. ಅವರೆಲ್ಲ ಎಷ್ಟೋ ವರ್ಷದಿಂದ ಅಲ್ಲಿ ಉಸಿರು ತೆಗೆದುಕೊಂಡವರು, ದೇಹಕ್ಕೆ ಅಭ್ಯಾಸ. ಹಾಡು ಯಾವುದಾದರೇನು.

ಐದನೆಯದರಲ್ಲಿ ಅದು ಇನ್ನೂ ಮುಂದೆ ಹೋಯಿತು. ಅದರ ಪಲ್ಲವಿಯನ್ನು ಪ್ರಾರ್ಥನಾಮಾಲೆಯ ಹಾಗೆ ಕೂರಿಸಿದ್ದೆವು. ಅವನು ಒಂದು ಸಾಲು, ಆರು ಜನ ಕೂತಲ್ಲಿಂದ ಒಂದೇ ಉತ್ತರ. ‘ನಮಗಾಗಿ ಪ್ರಾರ್ಥಿಸಿರಿ’ ಅನ್ನುವ ಲಯ ಇದೆಯಲ್ಲ, ಅದೇ ಲಯ, ಪದಗಳು ಮಾತ್ರ ಪಾಪ್ ಹಾಡಿನವು. ಮೂರನೇ ಸುತ್ತಿಗೆ ಪಕ್ಕದಲ್ಲಿ ಕೂತವರು ಶುರುಮಾಡಿದರು. ಐದನೇ ಸುತ್ತಿಗೆ ಅರ್ಧ ಹಾಲ್. ಉತ್ತರ ಕೊಡಿ ಅಂತ ಯಾರೂ ಕೇಳಿರಲಿಲ್ಲ. ಅವನು ಒಬ್ಬನೇ ಅನ್ನುವ ಸಾಲಿಗೆ 50 ಜನ ಉತ್ತರ ಕೊಡುತ್ತಿದ್ದರು. ಅವರಿಗೆಲ್ಲ ಅರ್ಥವಾಗಿಯೇ ಕೊಟ್ಟರು ಅಂತ ನಾನು ಹೇಳುವುದಿಲ್ಲ. ಕೊಟ್ಟರು, ಅದು ನಿಜ. ಟೀಚರ್ ಎಲ್ಲಿ ಕೂತಿದ್ದಾರೆ ಅಂತ ಆ ಹೊತ್ತಿಗೆ ನನಗೂ ಗುರುತು ಸಿಗಲಿಲ್ಲ.

ಆಮೇಲೆ

ರೆಕಾರ್ಡ್ ಮಾಡಬೇಡಿ ಅಂತ ಬಾಗಿಲಲ್ಲಿ ಬರೆದು ಹಾಕಿದ್ದೆವು. ಆದರೂ ಯಾರೋ ಐದನೇ ಹಾಡಿನ 40 ಸೆಕೆಂಡ್ ತೆಗೆದಿದ್ದರು. ಎರಡೇ ದಿನದಲ್ಲಿ ಅದು ವಾಟ್ಸಾಪ್‌ನಲ್ಲಿ ಸುತ್ತು ಹೊಡೆಯಿತು. ಹಿಂದು ಮುಂದು ಇಲ್ಲದೆ ನೋಡಿದರೆ ಅದು ಪ್ರಾರ್ಥನಾಮಾಲೆಯ ಅಣಕವೇ. ನಾನೇ ಹಾಲ್‌ನಲ್ಲಿ ಇಲ್ಲದಿದ್ದರೆ ಹಾಗೇ ಅಂದುಕೊಳ್ಳುತ್ತಿದ್ದೆ. ಮೂರು ದೂರು ಹೋದವು, ಒಂದು ನೇರ ಧರ್ಮಾಧ್ಯಕ್ಷರ ಕಚೇರಿಗೆ.

ಫಾದರ್ ಅವನನ್ನು ಕರೆದರು. ‘ನಾನು ಅಲ್ಲಿದ್ದೆ, ನಂಗೆ ಅಣಕ ಕಾಣಲಿಲ್ಲ. ಆದರೆ ಅಲ್ಲಿ ಇಲ್ಲದಿದ್ದವರೇ ಜಾಸ್ತಿ’ ಅಂದರು. ಎರಡು ತಿಂಗಳು ಕೀರ್ತನೆಯ ಸರದಿ ಬೇಡ, ಗಾನವೃಂದದಲ್ಲಿ ಇರಲಿ. ನನಗೆ ಸಿಟ್ಟು ಬಂತು, ಬಿಟ್ಟು ಬಾ ಅಂದೆ. ಅವನು ಹಿಂದಿನ ಸಾಲಿಗೆ ಹೋಗಿ ಕೂತ. ‘ನಾನು ಹೋದರೆ ಆ ಕ್ಲಿಪ್ಪೇ ಉಳಿಯುತ್ತೆ’ ಅಂದ. ಆ ಮಾತು ಸರಿ. ಆದರೆ ಆ ಎರಡು ತಿಂಗಳು ಅವನು ತೂಕ ಇಳಿದದ್ದನ್ನೂ ನಾನು ನೋಡಿದ್ದೇನೆ. ಅದನ್ನು ತಾಳ್ಮೆ ಅಂತ ಹೊಗಳುವುದಕ್ಕೆ ನನಗೆ ಮನಸ್ಸಿಲ್ಲ.

ಟೀಚರ್‌ಗೆ ಶಾಲೆಯಲ್ಲಿ ಯಾರೂ ಏನೂ ಮಾಡಲಿಲ್ಲ. ಹೆಡ್ ಟೀಚರ್ ಒಂದು ಸಲ ‘ನೀವೂ ಹೋಗಿದ್ರಾ?’ ಅಂತ ಕೇಳಿದರಂತೆ. ಅಷ್ಟಕ್ಕೇ ಆಕೆ ಗಾನವೃಂದ ಬಿಟ್ಟರು. ವಾಪಸ್ ಬಂದಿಲ್ಲ.

ಇಂಥದ್ದು ಮಾಡಹೊರಟ ಇನ್ನಿಬ್ಬರು ಆಮೇಲೆ ನನ್ನನ್ನು ಕೇಳಿದ್ದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ. ರೆಕಾರ್ಡಿಂಗ್ ನಿಷೇಧ ನಮ್ಮ ದೊಡ್ಡ ತಪ್ಪು. ಪೂರ್ತಿ ಸಂಜೆಯನ್ನು ನಾವೇ ಸಭೆಯ ಬೆನ್ನು ಕಡೆಯಿಂದ, ಯಾರ ಮುಖವೂ ಕಾಣದ ಹಾಗೆ, ತೆಗೆದಿಟ್ಟಿದ್ದರೆ ದೂರು ಕೊಟ್ಟವರ ಮುಂದೆ ಇಡಲು ಏನಾದರೂ ಇರುತ್ತಿತ್ತು. ನಮ್ಮ ಹತ್ತಿರ ಏನೂ ಇಲ್ಲದ್ದರಿಂದ 40 ಸೆಕೆಂಡೇ ಸಾಕ್ಷಿಯಾಯಿತು. ಸ್ತೋತ್ರ ಮುಟ್ಟುವ ಮೊದಲು ಅದನ್ನು ಯಾರು ಯಾವ ಸಾವಿನಲ್ಲಿ ಹಾಡಿದ್ದಾರೆ ಅಂತ ಕೇಳಿ. ಬೆಂಬಲಕ್ಕೆ ಬಂದವರ ಭಯವನ್ನು ಕಾರ್ಯಕ್ರಮ ಮುಗಿದ ಮೇಲಿನ ತಿಂಗಳುಗಳಿಗೂ ಲೆಕ್ಕ ಹಾಕಿ, ಆ ಒಂದು ಸಂಜೆಗೆ ಮಾತ್ರ ಅಲ್ಲ. ಟೀಚರ್ ವಿಷಯದಲ್ಲಿ ನಾವು ಯೋಚಿಸಿದ್ದು ಆ ಸಂಜೆಯಷ್ಟೇ. ಮತ್ತೆ, ಮಾತು ಬದಲಿಸುವ ಆಸೆ ಬಂದಾಗ ಒಂದು ಸಲ ರೆಕಾರ್ಡ್ ಮಾಡಿ, ದನಿ ತೆಳುವಾಗುತ್ತಿದೆಯಾ ಅಂತ ಕೇಳಿ ನೋಡಿ.

ಎರಡು ತಿಂಗಳಾದ ಮೇಲೆ ಸರದಿಯ ಪಟ್ಟಿಯಲ್ಲಿ ಅವನ ಹೆಸರು ವಾಪಸ್ ಬಂತು. ಯಾರೂ ಏನೂ ಹೇಳಲಿಲ್ಲ. ಪಟ್ಟಿ ಬರೆದದ್ದು ಆಂಟಿಯ ಕೈಬರಹ.

ಇನ್ನು ಅಮ್ಮ. ಆ ರಾತ್ರಿ ಕುರ್ಚಿಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಮುಗಿಸುವ ತನಕ ಕಾದು ನಿಂತಿದ್ದರು. ಇಬ್ಬರೂ ನಡೆದೇ ಮನೆಗೆ ಹೋದರಂತೆ. ಅರ್ಧ ದಾರಿ ಮಾತಿಲ್ಲ. ಆಮೇಲೆ ಕೇಳಿದ್ದು ಒಂದೇ: ‘ಮೂರನೇ ಹಾಡಲ್ಲಿ ಹೋಗಬೇಡ ಅಂತ ಯಾರನ್ನ ಕರೀತಿದ್ದೆ?’

ಅವನು ಕೊಟ್ಟ ಉತ್ತರ ನನ್ನ ಮೊದಲ ಕರಡಿನಲ್ಲಿತ್ತು. ಗೀಟು ಎಳೆದ ಎರಡು ಜಾಗಗಳಲ್ಲಿ ಅದು ಒಂದು.